ಆಟಕ್ಕೆ ಮೊದಲಿನ ಇಪ್ಪತ್ತು ನಿಮಿಷ: ಫುಟ್‌ಬಾಲ್ ತಂಡಗಳು ಅಭ್ಯಾಸಕ್ಕೆ ಮುನ್ನ ಮೈ ಚಾಚಬೇಕೇ?

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಗ್ರಾಮದ ಶಾಲಾ ಮೈದಾನದಲ್ಲಿ ಫುಟ್‌ಬಾಲ್ ಅಭ್ಯಾಸ ಆರಂಭವಾಗುವ ರೀತಿ ಬಹುತೇಕ ಎಲ್ಲೆಡೆ ಒಂದೇ. ಆಟಗಾರರು ವೃತ್ತಾಕಾರವಾಗಿ ನಿಲ್ಲುತ್ತಾರೆ. ಒಬ್ಬನು ಎಣಿಕೆ ಹೇಳುತ್ತಾನೆ. ಉಳಿದವರು ಬಗ್ಗಿ ಕಾಲ್ಬೆರಳು ಮುಟ್ಟುತ್ತಾರೆ, ಒಂದು ಕಾಲನ್ನು ಹಿಂದಕ್ಕೆ ಮಡಿಸಿ ಹಿಡಿಯುತ್ತಾರೆ, ನೆಲದ ಮೇಲೆ ಕುಳಿತು ತೊಡೆಗಳನ್ನು ಅಗಲಿಸುತ್ತಾರೆ. ಐದು ನಿಮಿಷಗಳಲ್ಲಿ ಇದು ಮುಗಿದು ಚೆಂಡು ಉರುಳುತ್ತದೆ. ಇನ್ನು ಕೆಲವೆಡೆ ಅಷ್ಟೂ ಇರುವುದಿಲ್ಲ. ಹೊಲದಿಂದಲೋ ಕಾಲೇಜಿನ ಬಸ್ಸಿನಿಂದಲೋ ಬಂದವರು ನೇರವಾಗಿ ಆಟಕ್ಕೆ ಇಳಿಯುತ್ತಾರೆ. ಈ ಎರಡು ರೂಢಿಗಳ ಪೈಕಿ ಮೊದಲನೆಯದು ಸರಿ, ಎರಡನೆಯದು ತಪ್ಪು ಎಂಬುದು ಸಾಮಾನ್ಯ ತಿಳಿವಳಿಕೆ. ಎರಡನೆಯದು ತಪ್ಪು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಮೊದಲನೆಯದು ಆಟಗಾರರ ಕಾಲನ್ನು ಕಾಪಾಡುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲವೆಂದು ಕಳೆದ ಇಪ್ಪತ್ತೈದು ವರ್ಷಗಳ ಅಧ್ಯಯನಗಳು ತೋರಿಸಿವೆ. ಕಾಪಾಡುವ ಕ್ರಮ ಬೇರೆಯೇ ಇದೆ. ಅದಕ್ಕೆ ಹಣ ಬೇಕಿಲ್ಲ. ಇಪ್ಪತ್ತು ನಿಮಿಷಗಳ ಸಮಯವೂ ಅದನ್ನು ತಪ್ಪದೆ ನಡೆಸುವ ಒಬ್ಬ ವ್ಯಕ್ತಿಯೂ ಬೇಕು.

ಇದು ದೈಹಿಕ ಶಿಕ್ಷಣ ಶಿಕ್ಷಕರಿಗೆ ಬಿಡಬೇಕಾದ ವಿಷಯ, ಪಂಚಾಯಿತಿಗೇನು ಸಂಬಂಧ ಎಂದು ಸದಸ್ಯರಿಗೆ ಅನಿಸಬಹುದು. ಸಂಬಂಧವಿದೆ. ಮೈದಾನದ ಜಾಗ ಗುರುತಿಸುವುದು, ಅದನ್ನು ಸಮತಟ್ಟು ಮಾಡಿಸುವುದು, ಯುವಕ ಸಂಘಕ್ಕೆ ಚೆಂಡು ಹಾಗೂ ಸಮವಸ್ತ್ರಗಳ ನೆರವು ದೊರಕಿಸುವುದು, ಊರ ಪಂದ್ಯಾವಳಿಯನ್ನು ಉದ್ಘಾಟಿಸಿ ಪಾರಿತೋಷಕ ವಿತರಿಸುವುದು, ಇವೆಲ್ಲವೂ ಬಹುಮಟ್ಟಿಗೆ ಸದಸ್ಯರ ಮುಂದಾಳತ್ವದಲ್ಲಿಯೇ ನಡೆಯುತ್ತವೆ. ಆಟಕ್ಕೆ ಪ್ರೋತ್ಸಾಹ ನೀಡಿದ ಮೇಲೆ ಆಟದಿಂದ ಆಗಬಹುದಾದ ಹಾನಿಯ ಕುರಿತು ಯೋಚಿಸುವ ಹೊಣೆಯೂ ಬರುತ್ತದೆ. ವೃತ್ತಿಪರ ಕ್ಲಬ್ಬಿನ ಆಟಗಾರನ ಮೊಣಕಾಲು ತಿರುಚಿದರೆ ಪಕ್ಕದಲ್ಲಿಯೇ ವೈದ್ಯರಿರುತ್ತಾರೆ, ಫಿಸಿಯೋಥೆರಪಿಸ್ಟ್ ಇರುತ್ತಾರೆ, ಚಿಕಿತ್ಸೆಯ ಅವಧಿಯಲ್ಲಿ ಸಂಬಳವೂ ಬರುತ್ತದೆ. ಹಳ್ಳಿಯ ಆಟಗಾರನಿಗೆ ಇವಾವುವೂ ಇಲ್ಲ. ಮೊಣಕಾಲಿನ ಒಳಗಿನ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾದರೆ, ಮತ್ತೆ ಮೈದಾನಕ್ಕೆ ಇಳಿಯಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಕಾಯಬೇಕು. ಬೆಳಿಗ್ಗೆ ಗಾರೆ ಕೆಲಸಕ್ಕೋ ಅಡಿಕೆ ಕೊಯ್ಲಿಗೋ ಹೋಗಿ ಸಂಜೆ ಆಡುವ ಯುವಕನ ಮನೆಯಲ್ಲಿ ಆ ಒಂಬತ್ತು ತಿಂಗಳುಗಳ ಅರ್ಥವೇನೆಂದು ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣುಮಗಳಿಗೆ ಹಾಗಾದರೆ ಆಕೆಯ ಆಟ ಅಲ್ಲಿಗೇ ನಿಂತುಹೋಗುವ ಸಂಭವ ಹೆಚ್ಚು. ಮನೆಯವರು ಎರಡನೆಯ ಬಾರಿ ಮೈದಾನಕ್ಕೆ ಕಳುಹಿಸಲು ಹಿಂಜರಿಯುತ್ತಾರೆ.

ಚಾಚುವಿಕೆಯ ಬಗೆಗಳು

ಮೊದಲಿಗೆ ಪದಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ, ಏಕೆಂದರೆ ಆಟಗಾರರು ‘ಸ್ಟ್ರೆಚಿಂಗ್’ ಎಂಬ ಒಂದೇ ಮಾತಿನಿಂದ ಬೇರೆ ಬೇರೆ ಕೆಲಸಗಳನ್ನು ಸೂಚಿಸುತ್ತಾರೆ. ಒಂದು ಸ್ನಾಯುವನ್ನು ಎಳೆತ ಅನುಭವಕ್ಕೆ ಬರುವವರೆಗೆ ಚಾಚಿ, ಆ ಸ್ಥಿತಿಯಲ್ಲಿಯೇ ಹತ್ತು, ಇಪ್ಪತ್ತು ಅಥವಾ ಮೂವತ್ತು ಸೆಕೆಂಡು ಅಲುಗಾಡದೆ ಹಿಡಿಯುವುದು ಸ್ಥಿರ ಚಾಚುವಿಕೆ. ನಡೆಯುತ್ತ, ಓಡುತ್ತ, ಕಾಲು ಬೀಸುತ್ತ, ಮಂಡಿ ಎತ್ತುತ್ತ, ಸೊಂಟದ ಕೀಲನ್ನು ಒಳಕ್ಕೂ ಹೊರಕ್ಕೂ ತಿರುಗಿಸುತ್ತ ಕೀಲುಗಳನ್ನು ಅವುಗಳ ಪೂರ್ಣ ವ್ಯಾಪ್ತಿಯಲ್ಲಿ ಆಡಿಸುವುದು ಚಲನಶೀಲ ಚಾಚುವಿಕೆ. ಮೂರನೆಯದೊಂದು ಹಳೆಯ ಪದ್ಧತಿಯೂ ಅಲ್ಲಲ್ಲಿ ಉಳಿದಿದೆ: ಜಗ್ಗಿ ಜಗ್ಗಿ ಎಳೆಯುವುದು, ಇಲ್ಲವೇ ಕುಳಿತವನ ಬೆನ್ನ ಮೇಲೆ ಜೊತೆಗಾರನು ಕೈಯೂರಿ ಒತ್ತುವುದು. ತಣ್ಣಗಿರುವ ಮೈಯಲ್ಲಿ, ಅದರಲ್ಲಿಯೂ ಮಕ್ಕಳಲ್ಲಿ, ಈ ಮೂರನೆಯದನ್ನು ಮಾಡಿಸದಿರುವುದೇ ಲೇಸು. ವೃತ್ತಾಕಾರವಾಗಿ ನಿಂತು ಎಣಿಕೆಗೆ ತಕ್ಕಂತೆ ಮಾಡುವುದು ಮೊದಲನೆಯ ಬಗೆ. ಪ್ರಶ್ನೆ ಇರುವುದು ಅದರ ಬಗೆಗೇ.

ಸ್ಥಿರ ಚಾಚುವಿಕೆಯಿಂದ ಗಾಯಗಳು ಕಡಿಮೆಯಾಗುತ್ತವೆಯೇ ಎಂಬುದನ್ನು ನೇರವಾಗಿ ಪರೀಕ್ಷಿಸಿದ ದೊಡ್ಡ ಅಧ್ಯಯನ ನಡೆದದ್ದು ಆಸ್ಟ್ರೇಲಿಯಾದ ಸೇನೆಯಲ್ಲಿ. ಅದರ ಫಲಿತಾಂಶ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಹೊಸದಾಗಿ ಸೇರಿದ 1,538 ಸೈನಿಕರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಲಾಯಿತು. ಹನ್ನೆರಡು ವಾರಗಳ ತರಬೇತಿಯಲ್ಲಿ ಎರಡೂ ಪಾಲಿನವರು ಮೈ ಬಿಸಿ ಮಾಡಿಕೊಳ್ಳುವ ವ್ಯಾಯಾಮ ಮಾಡಿದರು. ಒಂದು ಪಾಲಿನವರು ಮಾತ್ರ ಅದರೊಂದಿಗೆ ಕಾಲಿನ ಆರು ಪ್ರಮುಖ ಸ್ನಾಯುಗಳನ್ನು ತಲಾ 20 ಸೆಕೆಂಡು, ಮೇಲ್ವಿಚಾರಕರ ಎದುರಿನಲ್ಲಿಯೇ, ಚಾಚಿ ಹಿಡಿದರು. ತರಬೇತಿ ಮುಗಿಯುವ ವೇಳೆಗೆ ಚಾಚಿದ 735 ಮಂದಿಯಲ್ಲಿ ಕಾಲಿನ 158 ಗಾಯಗಳೂ ಚಾಚದ 803 ಮಂದಿಯಲ್ಲಿ 175 ಗಾಯಗಳೂ ದಾಖಲಾಗಿದ್ದವು. ನೂರು ಮಂದಿಗೆ ಲೆಕ್ಕ ಹಾಕಿದರೆ ಎರಡೂ ಕಡೆ 21ರಿಂದ 22. ಅಂದರೆ ವ್ಯತ್ಯಾಸವೇ ಇಲ್ಲ. ಯಾರಿಗೆ ಗಾಯವಾದೀತು ಎಂಬುದನ್ನು ಸೂಚಿಸಿದ್ದು ಸೈನಿಕರ ದೈಹಿಕ ಕ್ಷಮತೆ. ಓಟದ ಪರೀಕ್ಷೆಯಲ್ಲಿ ಹಿಂದುಳಿದವರೇ ಹೆಚ್ಚು ಗಾಯಗೊಂಡಿದ್ದರು.

ಚಾಚಿದರೆ ಮರುದಿನ ಮೈಕೈ ನೋವು ಬರುವುದಿಲ್ಲ ಎಂಬ ಇನ್ನೊಂದು ನಂಬಿಕೆಯೂ ಇದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನೂರು ಅಂಕಗಳ ನೋವಿನ ಅಳತೆಯಲ್ಲಿ ಕಂಡ ಇಳಿಕೆ ಬೆರಳೆಣಿಕೆಯ ಅಂಕಗಳನ್ನು ದಾಟಲಿಲ್ಲ. ಆಟಗಾರನ ಅನುಭವಕ್ಕೆ ಬಾರದಷ್ಟು ಅಲ್ಪ ಅದು.

ಮೂರನೆಯ ಸಂಗತಿ ತರಬೇತುದಾರರಲ್ಲಿ ಹೆಚ್ಚು ಚರ್ಚೆಗೆ ಒಳಗಾದದ್ದು. ಸ್ನಾಯುವನ್ನು ಬಹಳ ಹೊತ್ತು ಚಾಚಿ ಹಿಡಿದ ಕೂಡಲೇ ಅದರ ಬಲ ಸ್ವಲ್ಪ ಕುಂದುತ್ತದೆ. 2016ರಲ್ಲಿ ಪ್ರಕಟವಾದ ಒಂದು ಸಮಗ್ರ ಪರಾಮರ್ಶೆಯ ಪ್ರಕಾರ ಸ್ಥಿರ ಚಾಚುವಿಕೆಯ ಬೆನ್ನಿಗೇ ಬಲ, ವೇಗ, ಜಿಗಿತ ಮೊದಲಾದ ಸಾಮರ್ಥ್ಯಗಳು ಸರಾಸರಿ ಶೇ. 3.7ರಷ್ಟು ಇಳಿದಿದ್ದವು; ಚಲನಶೀಲ ಚಾಚುವಿಕೆಯ ನಂತರ ಶೇ. 1.3ರಷ್ಟು ಏರಿದ್ದವು. ಒಂದೇ ಸ್ನಾಯುವನ್ನು ಒಟ್ಟು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿದಾಗ ಇಳಿಕೆ ಹೆಚ್ಚು. ಇದನ್ನು ಓದಿ ಕೆಲವರು ಸ್ಥಿರ ಚಾಚುವಿಕೆಯನ್ನು ವಿಷವೆಂಬಂತೆ ನಿಷೇಧಿಸತೊಡಗಿದರು. ಅದೂ ಅತಿಯೇ. ಬಹುತೇಕ ಪ್ರಯೋಗಗಳಲ್ಲಿ ಚಾಚಿ ಮುಗಿದ ಕೆಲವೇ ನಿಮಿಷಗಳಲ್ಲಿ ಅಳತೆ ಮಾಡಲಾಗಿತ್ತು. ಚಾಚುವಿಕೆಯನ್ನು ಮೂವತ್ತು ಸೆಕೆಂಡಿನೊಳಗೆ ಮುಗಿಸಿ, ನಂತರ ಓಟ, ಜಿಗಿತಗಳನ್ನು ಮಾಡಿಸಿದರೆ ಆ ಇಳಿಕೆ ಬಹುಮಟ್ಟಿಗೆ ಮಾಯವಾಗುತ್ತದೆ. ಹೀಗಾಗಿ ಐದು ನಿಮಿಷ ಚಾಚಿದ ತಂಡಕ್ಕೆ ಕೇಡಾಯಿತೆಂದು ಭಾವಿಸಬೇಕಿಲ್ಲ. ಆ ಐದು ನಿಮಿಷಗಳಲ್ಲಿ ರಕ್ಷಣೆ ದೊರೆತಿದೆ ಎಂದು ತಂಡ ನಂಬುವುದೇ ಕೇಡು, ಏಕೆಂದರೆ ಆ ನಂಬಿಕೆಯಿಂದ ನಿಜವಾದ ರಕ್ಷಣೆಯ ಕೆಲಸ ಕೈಬಿಟ್ಟುಹೋಗುತ್ತದೆ.

ಸ್ನಾಯು ಹರಿಯುವುದು ಯಾವಾಗ?

ಚಾಚುವಿಕೆ ಏಕೆ ಸಾಲದು ಎಂಬುದು ಗಾಯವಾಗುವ ಕ್ಷಣವನ್ನು ಗಮನಿಸಿದರೆ ತಿಳಿಯುತ್ತದೆ. ಫುಟ್‌ಬಾಲಿನಲ್ಲಿ ಅತಿ ಹೆಚ್ಚು ಹರಿಯುವ ಸ್ನಾಯು ತೊಡೆಯ ಹಿಂಭಾಗದ್ದು, ಆಟಗಾರರು ಹ್ಯಾಮ್‌ಸ್ಟ್ರಿಂಗ್ ಎಂದು ಕರೆಯುವಂಥದು. ಕೈಯಿಂದ ಕಾಲ್ಬೆರಳು ಮುಟ್ಟಲಾರದಷ್ಟು ಅದು ಬಿಗಿಯಾಗಿರುವುದೇ ಕಾರಣವೆಂದು ಜನ ತಿಳಿಯುತ್ತಾರೆ. ಆದರೆ ಅದು ಹರಿಯುವುದು ಸಾಮಾನ್ಯವಾಗಿ ಪೂರ್ಣ ವೇಗದ ಓಟದಲ್ಲಿ. ಓಡುವವನ ಕಾಲು ಮುಂದಕ್ಕೆ ಬೀಸಿ, ಪಾದ ಇನ್ನೇನು ನೆಲಕ್ಕೆ ತಾಗಬೇಕು ಎನ್ನುವಾಗ, ಮುಂದಕ್ಕೆ ಹಾರುತ್ತಿರುವ ಕೆಳಗಾಲನ್ನು ತಡೆದು ನಿಲ್ಲಿಸುವ ಕೆಲಸ ಈ ಸ್ನಾಯುವಿನದು. ಇಳಿಜಾರಿನಲ್ಲಿ ಎತ್ತಿನ ಗಾಡಿಯನ್ನು ಹಿಂದಿನಿಂದ ಹಗ್ಗ ಹಿಡಿದು ತಡೆಯುವವನ ಸ್ಥಿತಿಯನ್ನು ನೆನೆದರೆ ಇದು ಅರ್ಥವಾಗುತ್ತದೆ: ಸ್ನಾಯು ಉದ್ದವಾಗುತ್ತಲೇ ಇರಬೇಕು, ಅದೇ ಹೊತ್ತಿನಲ್ಲಿ ಶಕ್ತಿಮೀರಿ ಎಳೆಯುತ್ತಲೂ ಇರಬೇಕು. ಸ್ನಾಯುವಿಗೆ ಉದ್ದವಾಗಲು ಬಂದರೆ ಸಾಲದು. ಉದ್ದವಾಗುತ್ತಿರುವಾಗಲೇ ಭಾರ ತಡೆಯುವ ಬಲ ಬೇಕು. ನಿಂತು ಕಾಲ್ಬೆರಳು ಮುಟ್ಟುವುದರಿಂದ ಆ ಬಲ ಬರುವುದಿಲ್ಲ.

ಆ ಬಲವನ್ನು ಬೆಳೆಸುವ ಸರಳ ವ್ಯಾಯಾಮವೊಂದಿದೆ. ನಾರ್ಡಿಕ್ ವ್ಯಾಯಾಮವೆಂದು ಅದರ ಹೆಸರು. ಆಟಗಾರನು ಮೆತ್ತನೆಯ ನೆಲದಲ್ಲಿ ಮಂಡಿಯೂರಿ ನೆಟ್ಟಗೆ ಕೂರುತ್ತಾನೆ. ಜೊತೆಗಾರನು ಹಿಂದೆ ಕುಳಿತು ಅವನ ಹರಡುಗಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತಾನೆ. ಸೊಂಟವನ್ನು ಬಾಗಿಸದೆ, ಮಂಡಿಯಿಂದ ತಲೆಯವರೆಗೆ ಒಂದೇ ಗೆರೆಯಲ್ಲಿರುವಂತೆ, ಆಟಗಾರನು ಆದಷ್ಟು ನಿಧಾನವಾಗಿ ಮುಂದಕ್ಕೆ ಬೀಳುತ್ತ ಹೋಗಿ, ತಡೆಯಲಾಗದಾಗ ಕೈಯೂರುತ್ತಾನೆ. ಡೆನ್ಮಾರ್ಕಿನಲ್ಲಿ 50 ತಂಡಗಳ 942 ಆಟಗಾರರ ಮೇಲೆ ಇದನ್ನು ಪರೀಕ್ಷಿಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಹತ್ತು ವಾರಗಳ ಕಾಲ ಕ್ರಮವಾಗಿ ಏರಿಸುತ್ತ ಹೋಗಿ, ನಂತರ ವಾರಕ್ಕೊಮ್ಮೆ ಮಾಡಿದ ತಂಡಗಳಲ್ಲಿ ತೊಡೆಯ ಹಿಂಭಾಗದ 15 ಗಾಯಗಳಾದವು. ಮಾಡದ ತಂಡಗಳಲ್ಲಿ 52. ಮೊದಲ ವಾರಗಳಲ್ಲಿ ಈ ವ್ಯಾಯಾಮದಿಂದ ತೊಡೆ ಚೆನ್ನಾಗಿ ನೋಯುತ್ತದೆ. ಹೊಸಬರಿಗೆ ಮೂರರಿಂದ ಐದು ಬಾರಿ ಮಾತ್ರ ಮಾಡಿಸಿ ನಿಧಾನವಾಗಿ ಹೆಚ್ಚಿಸಬೇಕು. ಮೊದಲ ದಿನವೇ ಇಪ್ಪತ್ತು ಮಾಡಿಸಿದ ತರಬೇತುದಾರನ ತಂಡ ಮರುದಿನ ಮೈದಾನಕ್ಕೆ ಬರುವುದು ಕಷ್ಟ.

ಮೊಣಕಾಲಿನ ಕಥೆಯೂ ಇದೇ ಬಗೆಯದು. ಅಲ್ಲಿನ ಮುಖ್ಯ ಅಸ್ಥಿರಜ್ಜು, ಪತ್ರಿಕೆಗಳು ಎ.ಸಿ.ಎಲ್. ಎಂದು ಬರೆಯುವಂಥದು, ಬಹಳಷ್ಟು ಸಲ ಯಾರೂ ಡಿಕ್ಕಿ ಹೊಡೆಯದೆಯೇ ಹರಿಯುತ್ತದೆ. ಓಡುತ್ತಿರುವಾಗ ಥಟ್ಟನೆ ದಿಕ್ಕು ಬದಲಿಸಿದಾಗ, ಇಲ್ಲವೇ ಜಿಗಿದು ಒಂದೇ ಕಾಲಿನ ಮೇಲೆ ಇಳಿದಾಗ ಮಂಡಿ ಒಳಮುಖವಾಗಿ ಕುಸಿಯುತ್ತದೆ. ಕ್ಷಣಾರ್ಧದಲ್ಲಿ ಅಸ್ಥಿರಜ್ಜು ಹರಿಯುತ್ತದೆ. ಹದಿಹರೆಯದ ಹುಡುಗಿಯರಲ್ಲಿ ಈ ಗಾಯದ ಅಪಾಯ ಹುಡುಗರಿಗಿಂತ ಹೆಚ್ಚು. ಸ್ವೀಡನ್ ದೇಶದಲ್ಲಿ 12ರಿಂದ 17 ವರ್ಷದ 4,564 ಹುಡುಗಿಯರನ್ನು ಒಳಗೊಂಡ ಅಧ್ಯಯನದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಒಂದು ಪಾಲಿನ ತಂಡಗಳು ವಾರಕ್ಕೆ ಎರಡು ಬಾರಿ ಹದಿನೈದು ನಿಮಿಷ ಬಸ್ಕಿ, ಒಂಟಿ ಕಾಲಿನ ಸಮತೋಲನ, ಜಿಗಿದು ಮಂಡಿ ನೇರವಾಗಿ ಇಳಿಯುವ ಅಭ್ಯಾಸಗಳನ್ನು ಮಾಡಿದವು. ಆ 2,479 ಹುಡುಗಿಯರಲ್ಲಿ ಏಳು ಮಂದಿಗೆ ಈ ಅಸ್ಥಿರಜ್ಜು ಹರಿಯಿತು. ಎಂದಿನಂತೆ ಆಡಿದ 2,085 ಹುಡುಗಿಯರಲ್ಲಿ ಹದಿನಾಲ್ಕು ಮಂದಿಗೆ. ಸಂಖ್ಯೆಗಳು ಚಿಕ್ಕವೆನಿಸಬಹುದು. ಆದರೆ ಅವುಗಳಲ್ಲಿ ಒಂದೊಂದೂ ಒಬ್ಬ ಹುಡುಗಿಯ ಮೊಣಕಾಲು.

‘ಹನ್ನೊಂದು ಪ್ಲಸ್’ ಕ್ರಮ

ಇಂಥ ವ್ಯಾಯಾಮಗಳನ್ನು ಒಂದುಗೂಡಿಸಿ, ತಂಡದ ನಿತ್ಯದ ಪೂರ್ವಸಿದ್ಧತೆಯಾಗಿ ಬಳಸಬಹುದಾದ ಕ್ರಮವೊಂದನ್ನು ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯಾದ ಫಿಫಾ 2006ರಲ್ಲಿ ತಜ್ಞರ ನೆರವಿನಿಂದ ರೂಪಿಸಿತು. ಅದಕ್ಕೆ ‘ಹನ್ನೊಂದು ಪ್ಲಸ್’ ಎಂದು ಹೆಸರು. ನಾರ್ವೆಯಲ್ಲಿ 13ರಿಂದ 17 ವರ್ಷದ 1,892 ಹುಡುಗಿಯರು ಪಾಲ್ಗೊಂಡ ಅಧ್ಯಯನದ ಫಲಿತಾಂಶ 2008ರಲ್ಲಿ ಹೊರಬಂತು. ಕ್ರಮವನ್ನು ಅನುಸರಿಸಿದ ತಂಡಗಳಲ್ಲಿ ಒಟ್ಟು ಗಾಯಗಳು ಸುಮಾರು ಮೂರನೆಯ ಒಂದರಷ್ಟೂ ತೀವ್ರವಾದ ಗಾಯಗಳು ಸುಮಾರು ಅರ್ಧದಷ್ಟೂ ಕಡಿಮೆಯಾಗಿದ್ದವು. ಕಾಲಿನ ಗಾಯಗಳನ್ನಷ್ಟೇ ಪ್ರತ್ಯೇಕವಾಗಿ ಎಣಿಸಿದಾಗ ಅಂತರ ಅಷ್ಟು ಖಚಿತವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಶ್ರೀಮಂತ ದೇಶದ ಹಸಿರು ಮೈದಾನಗಳ ಲೆಕ್ಕ ನಮಗೆ ಹೇಗೆ ಅನ್ವಯಿಸೀತು ಎಂಬ ಪ್ರಶ್ನೆ ಸಹಜ. ನೈಜೀರಿಯಾದ ಲಾಗೋಸ್ ನಗರದ ಕಿರಿಯರ ಲೀಗಿನಲ್ಲಿ 20 ತಂಡಗಳ 416 ಹುಡುಗರ ಮೇಲೆ ಇದೇ ಕ್ರಮವನ್ನು ಪರೀಕ್ಷಿಸಿದಾಗ, 2014ರಲ್ಲಿ ಪ್ರಕಟವಾದಂತೆ, ಒಟ್ಟು ಗಾಯಗಳಲ್ಲಿ ಶೇ. 41ರಷ್ಟು ಇಳಿಕೆ ಕಂಡುಬಂತು.

ಕ್ರಮದಲ್ಲಿ ಹದಿನೈದು ವ್ಯಾಯಾಮಗಳಿವೆ. ಅವು ಮೂರು ಭಾಗಗಳಲ್ಲಿ ನಡೆಯುತ್ತವೆ. ಮೊದಲು ಎಂಟು ನಿಮಿಷ ನಿಧಾನ ಓಟ. ಐದಾರು ಮೀಟರಿಗೆ ಒಂದರಂತೆ ಎರಡು ಸಾಲುಗಳಲ್ಲಿ ಆರು ಜೊತೆ ಗುರುತುಗಳನ್ನು ಇಡಬೇಕು. ಅಂಗಡಿಯ ಕೋನುಗಳೇ ಆಗಬೇಕೆಂದಿಲ್ಲ, ಖಾಲಿ ನೀರಿನ ಬಾಟಲಿ ಅಥವಾ ಹಳೆಯ ಚಪ್ಪಲಿ ಸಾಕು. ಆಟಗಾರರು ಇಬ್ಬಿಬ್ಬರಾಗಿ ನೇರವಾಗಿ ಓಡುತ್ತಾರೆ. ಮುಂದಿನ ಸುತ್ತಿನಲ್ಲಿ ಪ್ರತಿ ಗುರುತಿನ ಬಳಿ ನಿಂತು ಮಂಡಿ ಎತ್ತಿ ಸೊಂಟದ ಕೀಲನ್ನು ಹೊರಕ್ಕೆ ತಿರುಗಿಸುತ್ತಾರೆ, ಅದರ ಮುಂದಿನ ಸುತ್ತಿನಲ್ಲಿ ಒಳಕ್ಕೆ. ನಂತರ ಜೊತೆಗಾರನನ್ನು ಸುತ್ತುವರಿಯುತ್ತಾರೆ, ಜಿಗಿದು ಭುಜಕ್ಕೆ ಭುಜ ತಾಗಿಸುತ್ತಾರೆ, ಕೊನೆಗೆ ಚುರುಕಾಗಿ ಮುಂದಕ್ಕೂ ಹಿಂದಕ್ಕೂ ಓಡುತ್ತಾರೆ. ಚಲನಶೀಲ ಚಾಚುವಿಕೆ ಈ ಭಾಗದಲ್ಲಿಯೇ ಅಡಗಿದೆ; ಅದಕ್ಕಾಗಿ ಬೇರೆ ಸಮಯ ಬೇಕಿಲ್ಲ.

ಎರಡನೆಯ ಭಾಗ ಹತ್ತು ನಿಮಿಷದ್ದು. ಕ್ರಮದ ತಿರುಳೇ ಅದು. ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ದೇಹವನ್ನು ಹಲಗೆಯಂತೆ ನೇರವಾಗಿ 20ರಿಂದ 30 ಸೆಕೆಂಡು ಹಿಡಿಯುವುದು, ಅದನ್ನೇ ಪಕ್ಕಕ್ಕೆ ತಿರುಗಿ ಮಾಡುವುದು, ಮೇಲೆ ಹೇಳಿದ ನಾರ್ಡಿಕ್, ಒಂಟಿ ಕಾಲಿನಲ್ಲಿ ಚೆಂಡು ಹಿಡಿದು 30 ಸೆಕೆಂಡು ನಿಲ್ಲುವುದು, ಬಸ್ಕಿ, ಜಿಗಿತ. ಪ್ರತಿಯೊಂದಕ್ಕೂ ಮೂರು ಹಂತಗಳಿವೆ. ಒಂದನ್ನು ತಪ್ಪಿಲ್ಲದೆ ಮಾಡಬಲ್ಲವರು ಮುಂದಿನದಕ್ಕೆ ಏರುತ್ತಾರೆ. ಹೆಸರುಗಳು ಹೊಸದಾಗಿ ಕೇಳಿಸಿದರೂ ಇವುಗಳಲ್ಲಿ ಹಲವು ನಮ್ಮ ನೆಲಕ್ಕೆ ಪರಕೀಯವಲ್ಲ. ಗರಡಿ ಮನೆ ಉಳಿದಿರುವ ಊರುಗಳಲ್ಲಿ ಬಸ್ಕಿಯನ್ನು ಸರಿಯಾಗಿ ಕಲಿಸಬಲ್ಲ ಹಿರಿಯರು ಇಂದಿಗೂ ಸಿಗುತ್ತಾರೆ. ಕುಂಟೆಬಿಲ್ಲೆ ಆಡಿ ಬೆಳೆದ ಹುಡುಗಿಗೆ ಒಂಟಿ ಕಾಲಿನಲ್ಲಿ ಜಿಗಿದು ನಿಲ್ಲುವುದನ್ನು ಮೊದಲಿನಿಂದ ಕಲಿಸಬೇಕಾಗಿಯೂ ಇಲ್ಲ. ಗಮನಿಸಬೇಕಾದದ್ದು ಒಂದೇ: ಬಸ್ಕಿಯಲ್ಲಾಗಲಿ ಜಿಗಿತದಲ್ಲಾಗಲಿ ಮಂಡಿ ಒಳಕ್ಕೆ ವಾಲದೆ ಪಾದದ ಬೆರಳುಗಳ ನೇರಕ್ಕೇ ಇರಬೇಕು. ಎದುರು ನಿಂತು ನೋಡುವವರು ಯಾರಾದರೂ ಇದನ್ನು ಗುರುತಿಸಬಲ್ಲರು. ಆ ಕಣ್ಣಿಲ್ಲದಿದ್ದರೆ ವ್ಯಾಯಾಮ ಬರಿಯ ಶಾಸ್ತ್ರವಾಗುತ್ತದೆ.

ಮೂರನೆಯದು ಎರಡು ನಿಮಿಷ: ಮೈದಾನದ ಅಡ್ಡಕ್ಕೆ ವೇಗದ ಓಟ, ನೆಗೆಯುತ್ತ ಓಡುವುದು, ಕಾಲೂರಿ ಥಟ್ಟನೆ ದಿಕ್ಕು ಬದಲಿಸುವುದು. ಪಂದ್ಯದ ದಿನ ಮೊದಲ ಮತ್ತು ಮೂರನೆಯ ಭಾಗಗಳನ್ನು ಮಾತ್ರ ಮಾಡಬೇಕು.

ಹದಿಮೂರರೊಳಗಿನ ಮಕ್ಕಳಿಗೆ ಇದರ ಬೇರೆಯೇ ರೂಪವಿದೆ. ಅದರಲ್ಲಿ ಏಳು ವ್ಯಾಯಾಮಗಳು. ಸಮತೋಲನ, ಜಿಗಿತ, ಬಿದ್ದಾಗ ಉರುಳಿ ಏಳುವುದು ಮುಂತಾದವನ್ನು ಆಟದ ರೂಪದಲ್ಲಿಯೇ ಕಲಿಸಲಾಗುತ್ತದೆ. ಯುರೋಪಿನ ನಾಲ್ಕು ದೇಶಗಳ 3,895 ಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಾಯಗಳು ಶೇ. 48ರಷ್ಟು ಕಡಿಮೆಯಾಗಿದ್ದವು. ಹಿರಿಯರ ಕ್ರಮವನ್ನು ಹಾಗೆಯೇ ಪ್ರಾಥಮಿಕ ಶಾಲೆಯ ಮಕ್ಕಳ ಮೇಲೆ ಹೇರಬಾರದು.

ರೂಢಿಗೆ ತರುವ ಕಷ್ಟ

ಇಷ್ಟು ಸರಳವಾದ ಕ್ರಮ ಎಲ್ಲೆಡೆ ಏಕೆ ನಡೆಯುತ್ತಿಲ್ಲ? ಮೊದಲ ಕಾರಣ ಬೇಸರ. ಹುಡುಗರು ಬರುವುದು ಚೆಂಡಿಗಾಗಿ. ಹಲಗೆಯಂತೆ ಮಲಗಲು ಅಲ್ಲ. ಎರಡನೆಯದು ಬೆಳಕು. ಸಂಜೆ ಐದಕ್ಕೆ ಆರಂಭಿಸಿ ಆರೂವರೆಗೆ ಕತ್ತಲಾಗುವ ಮೈದಾನದಲ್ಲಿ ಇಪ್ಪತ್ತು ನಿಮಿಷ ಕಳೆಯುವುದು ದೊಡ್ಡ ನಷ್ಟವೆನಿಸುತ್ತದೆ. ಹೀಗಾಗಿ ಮೂರನೆಯ ವಾರದ ಹೊತ್ತಿಗೆ ಎರಡನೆಯ ಭಾಗ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ನಾರ್ವೆಯ ಅಧ್ಯಯನವನ್ನು ಮುಂದುವರಿಸಿ ನೋಡಿದಾಗ, ಕ್ರಮವನ್ನು ಹೆಚ್ಚು ನಿಷ್ಠೆಯಿಂದ ಪಾಲಿಸಿದವರಿಗೆ ಮಧ್ಯಮ ಪ್ರಮಾಣದಲ್ಲಿ ಪಾಲಿಸಿದವರಿಗಿಂತ ಗಾಯಗಳು ಕಡಿಮೆ ಆಗಿದ್ದವು. ವಾರಕ್ಕೆ ಎರಡು ಬಾರಿಯಾದರೂ ಮಾಡದಿದ್ದರೆ ಫಲ ನಿರೀಕ್ಷಿಸುವಂತಿಲ್ಲ. ಬೆಳಕಿನ ತೊಡಕಿಗೆ ಪರಿಹಾರವಿದೆ. ಆಸ್ಟ್ರೇಲಿಯಾದ ಅರೆವೃತ್ತಿಪರ ತಂಡಗಳಲ್ಲಿ ಎರಡನೆಯ ಭಾಗವನ್ನು ಅಭ್ಯಾಸದ ಕೊನೆಗೆ ವರ್ಗಾಯಿಸಿ ನೋಡಲಾಯಿತು. 2019ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಪಾಲನೆ ಹೆಚ್ಚಿತು, ಗಾಯದಿಂದ ಆಟಕ್ಕೆ ಬಾರದ ದಿನಗಳೂ ಇಳಿದವು. ಅಂದರೆ ಚೆಂಡು ಕಾಣುವಷ್ಟು ಬೆಳಕಿರುವಾಗ ಆಡಿ, ಮಬ್ಬುಗತ್ತಲಲ್ಲಿ ಬಸ್ಕಿ, ನಾರ್ಡಿಕ್‌ಗಳನ್ನು ಮಾಡಿ ಮನೆಗೆ ಹೋಗಬಹುದು. ಕಾಲ್ಬೆರಳು ಮುಟ್ಟುವ ಸ್ಥಿರ ಚಾಚುವಿಕೆಯನ್ನು ಬಿಡಲೊಲ್ಲದವರಿಗೂ ಸೂಕ್ತ ಜಾಗ ಅಭ್ಯಾಸದ ಕೊನೆಯೇ. ಮೈ ಬಿಸಿಯಾಗಿರುವಾಗ ಚಾಚಿದರೆ ಮೈ ಸಡಿಲವಾಗುತ್ತದೆ, ಕಾಲಾಂತರದಲ್ಲಿ ಬಾಗುವ ಗುಣವೂ ಹೆಚ್ಚುತ್ತದೆ, ಅದು ಒಳ್ಳೆಯದೇ.

ಆದರೆ ಈಗಾಗಲೇ ನೋಯುತ್ತಿರುವ ಸ್ನಾಯುವನ್ನು ಚಾಚಿ ‘ಬಿಡಿಸುವ’ ಪ್ರಯತ್ನ ಮಾಡಬಾರದು. ಉಳುಕಿದ ಪಾದವನ್ನು ಅಲ್ಲಿಯೇ ಎಳೆದು ಎಣ್ಣೆ ತಿಕ್ಕುವ ರೂಢಿ ಹಲವು ಊರುಗಳಲ್ಲಿದೆ. ಒಳಗೆ ಹರಿದಿರುವುದು ಇದರಿಂದ ಇನ್ನಷ್ಟು ಹರಿಯಬಹುದು. ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಅಥವಾ ತಣ್ಣೀರಿನ ಬಟ್ಟೆ ಇಟ್ಟು, ಕಾಲನ್ನು ಎತ್ತರದಲ್ಲಿರಿಸಿ, ಕಾಲೂರಲು ಆಗದಿದ್ದರೆ ಅಥವಾ ಮಂಡಿ ಊದಿಕೊಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದೇ ದಿನ ಕರೆದೊಯ್ಯಬೇಕು.

ಮೈದಾನದ ಸ್ಥಿತಿಗೂ ಇದಕ್ಕೂ ನೇರ ಸಂಬಂಧವಿದೆ. ಗುಂಡಿಯಲ್ಲಿ ಕಾಲು ಸಿಕ್ಕಿಕೊಂಡವನನ್ನು ಯಾವ ವ್ಯಾಯಾಮವೂ ಉಳಿಸದು. ಉದ್ಯೋಗ ಖಾತರಿಯ ಕಾಮಗಾರಿಗಳಲ್ಲಿ ಆಟದ ಮೈದಾನದ ನಿರ್ಮಾಣವೂ ಸೇರುತ್ತ ಬಂದಿದೆ. ಹೀಗೆ ಮಾಡಿದ ಮೈದಾನಗಳಲ್ಲಿ ಮಳೆಗಾಲದ ನಂತರ ಮೇಲೇಳುವ ಕಲ್ಲು ಮತ್ತು ಕೊರಕಲುಗಳನ್ನು ವರ್ಷಕ್ಕೊಮ್ಮೆಯಾದರೂ ಸರಿಪಡಿಸುವ ವಿಷಯವನ್ನು ಪಂಚಾಯಿತಿಯ ಸಂಬಂಧಪಟ್ಟ ಸ್ಥಾಯಿ ಸಮಿತಿಯ ಮುಂದೆ ಇಡಬಹುದು. ಮಂಡಿಯೂರಿ ಮಾಡುವ ವ್ಯಾಯಾಮಕ್ಕೆ ಮೈದಾನದ ಅಂಚಿನಲ್ಲಿ ನಾಲ್ಕು ಗಜದಷ್ಟು ಮರಳು ಅಥವಾ ಹುಲ್ಲಿನ ಜಾಗ ಬೇಕು. ಕುಡಿಯುವ ನೀರಿನ ವ್ಯವಸ್ಥೆಯ ಮಾತು ಬೇರೆ ಹೇಳಬೇಕಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅದಿಲ್ಲದ ಅಭ್ಯಾಸವನ್ನೇ ನಡೆಸಬಾರದು.

ಉಳಿದದ್ದು ಸದಸ್ಯರ ಮಾತಿನ ತೂಕಕ್ಕೆ ಸೇರಿದ್ದು. ಯುವಕ ಸಂಘವೊಂದು ಸಮವಸ್ತ್ರಕ್ಕಾಗಿ ಮನವಿ ತಂದಾಗ, ಅಭ್ಯಾಸದ ಪೂರ್ವಸಿದ್ಧತೆಯನ್ನು ನಡೆಸುವವರು ಯಾರು, ವಾರಕ್ಕೆ ಎಷ್ಟು ದಿನ ನಡೆಸುತ್ತಾರೆ ಎಂದು ಕೇಳುವ ಅಧಿಕಾರ ಸದಸ್ಯರಿಗಿದೆ. ಆ ವ್ಯಕ್ತಿ ವೃತ್ತಿಪರ ತರಬೇತುದಾರನೇ ಆಗಬೇಕಿಲ್ಲ. ಹತ್ತಿರದ ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರಿಂದ ಎರಡು ಮೂರು ಸಂಜೆ ಕಲಿತ, ತಂಡದಲ್ಲಿ ಮಾತು ನಡೆಯುವ ಹಿರಿಯ ಆಟಗಾರನಾದರೂ ಸಾಕು. ಹುಡುಗಿಯರ ತಂಡಕ್ಕೆ ಹಿರಿಯ ಹುಡುಗಿಯೊಬ್ಬಳು. ಕಂಪ್ಯೂಟರ್ ಅಥವಾ ದೊಡ್ಡ ಪರದೆ ಇರುವ ಅರಿವು ಕೇಂದ್ರಗಳಲ್ಲಿ ಈ ಕ್ರಮದ ದೃಶ್ಯಗಳನ್ನು ತಂಡಕ್ಕೆ ತೋರಿಸಬಹುದು. ಬರಹಕ್ಕಿಂತ ಅದರಿಂದಲೇ ಮಂಡಿಯ ನೇರ, ಸೊಂಟದ ನೇರ ಬೇಗ ಅರ್ಥವಾಗುತ್ತದೆ. ಶಾಲಾ ತಂಡಗಳ ವಿಷಯವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಎತ್ತಬಹುದು. ಮಕ್ಕಳ ಗ್ರಾಮಸಭೆಯಲ್ಲಿ ಆಟದ ಸಾಮಗ್ರಿ ಕೇಳುವ ಮಕ್ಕಳಿಗೆ, ಆಡುವಾಗ ಯಾರಿಗೆ ಯಾವ ಪೆಟ್ಟಾಯಿತು, ಎಷ್ಟು ದಿನ ಶಾಲೆ ತಪ್ಪಿತು ಎಂದೂ ಕೇಳಿ ಬರೆದಿಟ್ಟುಕೊಂಡರೆ, ಒಂದೆರಡು ವರ್ಷಗಳಲ್ಲಿ ಆ ಪಂಚಾಯಿತಿಯ ಬಳಿ ತನ್ನದೇ ಲೆಕ್ಕ ಇರುತ್ತದೆ.

ಪಂದ್ಯಾವಳಿಗಳಲ್ಲಿ ಇನ್ನೊಂದು ತೊಡಕಿದೆ, ಅದು ಸಂಘಟಕರ ಕೈಯಲ್ಲಿಯೇ ಇರುವಂಥದು. ಒಂದೇ ದಿನ ಹತ್ತು ಹನ್ನೆರಡು ಪಂದ್ಯಗಳನ್ನು ಮುಗಿಸುವ ಆತುರದಲ್ಲಿ, ಮರದ ನೆರಳಿನಲ್ಲಿ ಎರಡು ಗಂಟೆ ಕುಳಿತಿದ್ದ ತಂಡವನ್ನು ಧ್ವನಿವರ್ಧಕದಲ್ಲಿ ಹೆಸರು ಕೂಗಿ ನೇರವಾಗಿ ಮೈದಾನಕ್ಕೆ ಕರೆಯಲಾಗುತ್ತದೆ. ಎರಡು ನಿಮಿಷಗಳಲ್ಲಿ ಬಾರದಿದ್ದರೆ ಎದುರಾಳಿ ಗೆದ್ದಂತೆ ಎಂಬ ಎಚ್ಚರಿಕೆಯೂ ಬರುತ್ತದೆ. ತಣ್ಣಗಾದ ಕಾಲುಗಳು ಪೂರ್ಣ ವೇಗದಲ್ಲಿ ಓಡತೊಡಗುವುದು ಆಗಲೇ. ವೇಳಾಪಟ್ಟಿಯಲ್ಲಿ ಪ್ರತಿ ತಂಡಕ್ಕೆ ಪಂದ್ಯಕ್ಕೆ ಮುಂಚೆ ಹದಿನೈದು ನಿಮಿಷಗಳ ಸಿದ್ಧತೆಯ ಅವಧಿ, ಮೈದಾನದ ಬದಿಯಲ್ಲಿ ಅದಕ್ಕೊಂದು ಜಾಗ, ಕರೆಯನ್ನು ಆ ಅವಧಿಯ ಆರಂಭದಲ್ಲಿಯೇ ನೀಡುವ ಏರ್ಪಾಡು, ಇವಿಷ್ಟನ್ನು ಪಂದ್ಯಾವಳಿಯ ನಿಯಮಪತ್ರದಲ್ಲಿ ಬರೆಸಿದ ನಂತರವೇ ಪಂಚಾಯಿತಿಯ ಅನುಮತಿ ನೀಡಬಹುದು. ಪಂದ್ಯಗಳ ಸಂಖ್ಯೆ ಇದರಿಂದ ಒಂದೆರಡು ಕಡಿಮೆಯಾದರೆ ಪಂದ್ಯಾವಳಿ ಮರುದಿನ ಬೆಳಿಗ್ಗೆಗೂ ಮುಂದುವರಿಯಲಿ.